ಬೇರೆ ಬೇರೆ ಬಗೆಯ ಶಾಯಿಗಳನ್ನು ಬೆರೆಸಿದರೆ ಫೌಂಟನ್ ಪೆನ್ನಿಗೆ ಅಪಾಯವಿದೆಯೇ?

ಪ್ರಶ್ನೆ

ನನ್ನ ಬಳಿ ಮೂರು ಬಾಟಲಿಗಳ ತಳದಲ್ಲಿ ಸ್ವಲ್ಪ ಸ್ವಲ್ಪ ಶಾಯಿ ಉಳಿದಿದೆ: ರಾಯಲ್ ಬ್ಲೂ, ಹಸಿರು ಮತ್ತು ಐರನ್ ಗಾಲ್ ಬಗೆಯ ಬ್ಲೂ-ಬ್ಲ್ಯಾಕ್. ಚೆಲ್ಲಲು ಮನಸ್ಸಾಗದೆ ಕಳೆದ ವಾರ ಹಸಿರನ್ನೂ ಬ್ಲೂ-ಬ್ಲ್ಯಾಕನ್ನೂ ಪೆನ್ನಿನ ಕನ್ವರ್ಟರಿನೊಳಗೇ (ಶಾಯಿ ಹೀರಿ ತುಂಬಿಕೊಳ್ಳುವ ಒಳನಳಿಕೆ) ಸಮಸಮವಾಗಿ ಸೇರಿಸಿದೆ. ಆ ದಿನ ಸರಾಗವಾಗಿ ಬರೆದ ಪೆನ್ನು ಮೂರನೆಯ ದಿನ ಬೆಳಿಗ್ಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಬಿಚ್ಚಿ ನೋಡಿದರೆ ಕನ್ವರ್ಟರಿನ ಒಳಮೈಗೆ ಕಾಫಿ ಚರಟದಂತಹ ಕಪ್ಪು ಕಣಗಳು ಅಂಟಿದ್ದವು. ಎರಡೂ ಒಂದೇ ಕಂಪನಿಯ ಶಾಯಿಗಳಾದ್ದರಿಂದ ತೊಂದರೆಯಾಗದೆಂದು ಭಾವಿಸಿದ್ದೆ. ಯಾವುದನ್ನು ಯಾವುದರೊಂದಿಗೆ ಬೆರೆಸಬಹುದು, ಈಗ ಪೆನ್ನನ್ನು ಶುಚಿಗೊಳಿಸುವುದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಪ್ರತಿಕ್ರಿಯೆ 1

ಒಂದೇ ಕಂಪನಿ ಹಲವು ಜಾತಿಯ ಶಾಯಿಗಳನ್ನು ತಯಾರಿಸುವುದರಿಂದ ಲೇಬಲ್ಲಿನ ಹೆಸರನ್ನು ನಂಬಿ ಬೆರೆಸುವಂತಿಲ್ಲ. ಉದಾಹರಣೆಗೆ, ಪೆಲಿಕಾನ್ 4001 ಸಾಲಿನಲ್ಲೇ ಬ್ಲೂ-ಬ್ಲ್ಯಾಕ್ ಐರನ್ ಗಾಲ್ ಶಾಯಿ. ರಾಯಲ್ ಬ್ಲೂ ಬರಿಯ ಕರಗಿದ ಬಣ್ಣ.

ಮಾಚಿಕಾಯಿಯಲ್ಲಿರುವಂತಹ ಒಗರು ಸತ್ವವೂ ಅನ್ನಭೇದಿಯ ಕಬ್ಬಿಣವೂ ಸೇರಿ ಆಗುವುದೇ ಐರನ್ ಗಾಲ್ ಶಾಯಿ. ಬಾಟಲಿಯಲ್ಲಿ ಆಮ್ಲವಿರುವವರೆಗೆ ಕಬ್ಬಿಣ ಕರಗಿಯೇ ಇರುತ್ತದೆ. ಕಾಗದದ ಮೇಲೆ ಗಾಳಿ ತಾಗಿದ ಬಳಿಕ ಕಪ್ಪಾಗಿ, ನೀರಿಗೆ ಬಿಡದಂತೆ ಕೂರುತ್ತದೆ. ಇದಕ್ಕೆ ಕ್ಷಾರಗುಣದ ಶಾಯಿಯನ್ನು ಸೇರಿಸಿದರೆ ಆಮ್ಲದ ಬಲ ಕುಂದಿ, ಕಾಗದದ ಮೇಲೆ ನಡೆಯಬೇಕಾದ ಕ್ರಿಯೆ ನಿಬ್ಬಿಗೆ ಶಾಯಿ ಹರಿಸುವ ಫೀಡಿನ ಸಣ್ಣ ಕಾಲುವೆಗಳಲ್ಲೇ ನಡೆದುಬಿಡುತ್ತದೆ. ನೀವು ಕಂಡ ಚರಟ ಬಹುಶಃ ಅದೇ.

ಪ್ಲಾಟಿನಂ ಕಾರ್ಬನ್ ಬ್ಲ್ಯಾಕ್‌ನಂತಹ ಪಿಗ್ಮೆಂಟ್ ಶಾಯಿಗಳ ಕಥೆ ಬೇರೆ. ಅವುಗಳಲ್ಲಿ ಬಣ್ಣ ಕರಗಿರುವುದಿಲ್ಲ, ಅತಿ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ. ಮತ್ತೊಂದು ಶಾಯಿಯ ಆಮ್ಲವೋ ಲವಣವೋ ತಾಗಿದರೆ ಹುಳಿ ಹಿಂಡಿದ ಹಾಲಿನಂತೆ ಒಡೆಯಬಹುದು. ಆದ್ದರಿಂದ ಐರನ್ ಗಾಲ್ ಮತ್ತು ಪಿಗ್ಮೆಂಟ್ ಶಾಯಿಗಳನ್ನು ನಾನು ಯಾವುದಕ್ಕೂ ಬೆರೆಸುವುದಿಲ್ಲ. ಬೆರೆಸುವ ಹವ್ಯಾಸವೇ ಇದ್ದರೆ ಅದಕ್ಕೆಂದೇ ತಯಾರಾದ ಪ್ಲಾಟಿನಂ ಮಿಕ್ಸ್ ಫ್ರೀ ಸಾಲಿನ 9 ಬಣ್ಣಗಳಿವೆ. ತೆಳುವಾಗಿಸುವ ದ್ರವವೂ ಅದರೊಂದಿಗೆ ದೊರೆಯುತ್ತದೆ.

ಪ್ರತಿಕ್ರಿಯೆ 2

ಮೇಲಿನವರ ಮಾತು ಸರಿ. ಆದರೆ ಕರಗುವ ಬಣ್ಣದ ಶಾಯಿಗಳೆಲ್ಲ ಪರಸ್ಪರ ಹೊಂದುತ್ತವೆ ಎಂದೂ ತಿಳಿಯಬಾರದು. ನೂಡ್ಲರ್ಸ್ ಬೇಸ್ಟೇಟ್ ಬ್ಲೂ ಅಂತಹ ಶಾಯಿಯೇ ಆದರೂ ಇತರ ಶಾಯಿಗಳೊಡನೆ ಕೂಡಿಬರದೆ ಗಸಿಗಟ್ಟುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜಿನಿಂದ ಒಂದೊಂದು ಶಾಯಿಯನ್ನು 1 ಮಿಲಿಲೀಟರಿನಂತೆ ಅಳೆದು, ತೊಳೆದು ಒಣಗಿಸಿದ ಗಾಜಿನ ಶೀಶೆಗೆ ಹಾಕಿ, ಮುಚ್ಚಳ ಬಿಗಿದು ಒಂದು ವಾರ ಅಲುಗಾಡಿಸದೆ ಇಡುತ್ತೇನೆ. ಆಮೇಲೆ ಶೀಶೆಯನ್ನು ಮೆಲ್ಲನೆ ವಾಲಿಸಿ, ತಳದಲ್ಲಿ ಕೆಸರಿನಂತೆ ಏನಾದರೂ ಜಾರುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ; ಒಂದು ಹನಿಯನ್ನು ಟಿಶ್ಯೂ ಕಾಗದದ ಮೇಲೆ ಬಿಟ್ಟು, ನಡುವೆ ಕಣಗಳು ಉಳಿಯುತ್ತವೆಯೇ ಎಂದೂ ಪರೀಕ್ಷಿಸುತ್ತೇನೆ. ತೆಳುವಾಗಿಸಲು ನಲ್ಲಿಯ ನೀರಾಗಲಿ ಬೋರ್‌ವೆಲ್ ನೀರಾಗಲಿ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಅದನ್ನೂ ಹೆಚ್ಚು ಸುರಿದರೆ ಸಂರಕ್ಷಕದ ಅಂಶ ತೆಳುವಾಗಿ ಬೂಷ್ಟು ಹಿಡಿಯುವ ಭಯವಿದೆ.

ಗಸಿ ಕಾಣದಿದ್ದ ಮಾತ್ರಕ್ಕೆ ಪರೀಕ್ಷೆ ಮುಗಿಯಿತೆಂದಲ್ಲ. ರಾಯಲ್ ಬ್ಲೂ ಶಾಯಿಗಳಲ್ಲಿ ಸಾಮಾನ್ಯವಾಗಿ ಬಳಸುವ ನೀಲಿಗೆ ಕ್ಷಾರದಲ್ಲಿ ಬಣ್ಣ ಕಳೆದುಕೊಳ್ಳುವ ಗುಣವಿದೆ. ಮೊದಲ ದಿನ ಎಳೆದ ಗೆರೆಯ ಪಕ್ಕದಲ್ಲೇ ಏಳನೆಯ ದಿನ ಇನ್ನೊಂದು ಗೆರೆ ಎಳೆದು ಹೋಲಿಸಿರಿ.

ಪ್ರತಿಕ್ರಿಯೆ 3

ಪೆನ್ನನ್ನು ಶುಚಿಗೊಳಿಸುವ ಬಗ್ಗೆ: ಮೊದಲು ಬರಿಯ ನೀರಿನಲ್ಲಿ ಸಾಕಷ್ಟು ಬಾರಿ ತೊಳೆಯಿರಿ. ಐರನ್ ಗಾಲ್ ಗಸಿಗೆ ಅಮೋನಿಯಾ ಬಳಸಬೇಡಿ, ಅದು ಕ್ಷಾರವಾದ್ದರಿಂದ ತೊಂದರೆ ಹೆಚ್ಚಬಹುದು; ವಿಟಮಿನ್ ಸಿ ಪುಡಿಯನ್ನು ತುಸು ನೀರಿನಲ್ಲಿ ಕರಗಿಸಿ ನಿಬ್ಬು ಮತ್ತು ಫೀಡನ್ನು ಕೆಲವು ಗಂಟೆ ನೆನೆಸಿ, ಮತ್ತೆ ನೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಪೆನ್ನಿನ ಭಾಗಗಳು ಎಬೊನೈಟಿನವಾಗಿದ್ದರೆ (ಗಟ್ಟಿ ರಬ್ಬರು) ಬಣ್ಣಗೆಡುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ವಿಟಮಿನ್ ಸಿ ನೀರು ಒಂದು ಗಂಟೆಯಲ್ಲೇ ಕಂದು ಬಣ್ಣಕ್ಕೆ ತಿರುಗಿತು, ಎರಡನೆಯ ಸಲಕ್ಕೆ ಪೆನ್ನು ಬರೆಯತೊಡಗಿತು. ರಾಯಲ್ ಬ್ಲೂವಿನ 3 ಪಾಲಿಗೆ ಹಸಿರಿನ 1 ಪಾಲು ಸೇರಿಸಿ ಶೀಶೆಯಲ್ಲಿಟ್ಟು ಏಳು ದಿನಗಳಾದವು. ಗಸಿ ಕಟ್ಟಿಲ್ಲ, ಆದರೆ ಎರಡನೆಯ ಗೆರೆ ಮೊದಲಿನದಕ್ಕಿಂತ ಸ್ಪಷ್ಟವಾಗಿ ಹಸಿರಾಗಿದೆ. ಇದನ್ನು ಪೆನ್ನಿಗೆ ತುಂಬುವುದಿಲ್ಲ.