ಕಪ್ಪು ಕೆಸರಿನ ಡಿಎನ್‌ಎಗೆ ಪಿಸಿಆರ್‌ನಲ್ಲಿ ಬ್ಯಾಂಡೇ ಬರ್ತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ನಮಸ್ಕಾರ, ಕಾರವಾರದ ಕಾಳಿ ಅಳಿವೆಯಲ್ಲಿ ಐದು ಕಡೆ ಮೇಲಿನ 2 ಸೆಂ.ಮೀ. ಕೆಸರು ತೆಗ್ದಿದೀನಿ, ಬ್ಯಾಕ್ಟೀರಿಯಾ ನೋಡಿ ಸಾವಯವ ಮಾಲಿನ್ಯ ಅಳೆಯೋ ಪ್ರಾಜೆಕ್ಟ್. ಮರಳು ಮರಳಾಗಿದ್ದ ಎರಡಕ್ಕೂ ಪಿಸಿಆರ್‌ (ಡಿಎನ್‌ಎ ತುಣುಕಿನ ನಕಲು ಹೆಚ್ಚಿಸೋ ವಿಧಾನ) ಮಾಡಿದಾಗ 16ಎಸ್, ಅಂದ್ರೆ ಬ್ಯಾಕ್ಟೀರಿಯಾ ಗುರುತಿಸೋ ಜೀನ್‌, ಅದರ ಬ್ಯಾಂಡ್ (ಜೆಲ್ ಮೇಲಿನ ಗೆರೆ) ಚೆನ್ನಾಗಿ ಬಂತು, ಚರಂಡಿ ಸೇರೋ ಕಡೆಯ ಕಪ್ಪು ಕೆಸರು ಮೂರಕ್ಕೂ ಏನೂ ಇಲ್ಲ. ಟೆಂಪ್ಲೇಟ್ (ನಕಲಿಗೆ ಹಾಕೋ ಡಿಎನ್‌ಎ) 1 ಮೈಕ್ರೋಲೀಟರ್ ಇದ್ದಿದ್ದನ್ನ 4 ಮಾಡ್ದೆ, ಆಗ್ಲೂ ಇಲ್ಲ. ಶುದ್ಧತೆ ನೋಡೋ ಅನುಪಾತಗಳಲ್ಲಿ 260/280 1.8, ಸರಿ ಇದೆ, 260/230 ಮಾತ್ರ 0.5, ತೀರಾ ಕಮ್ಮಿ. ಆ ಮೂರು ಬಿಟ್ಟು ಉಳಿದಿದ್ದನ್ನ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರ ಓದ್ಸೋಕೆ) ಕಳಿಸ್ಲಾ?

ಉತ್ತರ 1: ದಯವಿಟ್ಟು ಬಿಡ್ಬೇಡಿ! ಕೊಳೆ ಜಾಸ್ತಿ ಇರೋ ಜಾಗಾನೇ ಪಿಸಿಆರ್‌ನಲ್ಲಿ ಫೇಲ್ ಆಗೋದು, ಅದನ್ನೇ ತೆಗೆದ್ರೆ ಅಳಿವೆ ಪೂರ್ತಿ ಚೊಕ್ಕ ಅಂತ ರಿಪೋರ್ಟ್ ಬರುತ್ತೆ. 0.5 ನೋಡಿದ್ರೆ ಹ್ಯೂಮಿಕ್ ಆಸಿಡ್ (ಎಲೆ, ಕಸ ಕೊಳೆತು ಆಗೋ ಕಂದು ವಸ್ತು) ಅನ್ಸುತ್ತೆ, ಅದು ಡಿಎನ್‌ಎ ಜೊತೆಗೇ ಬಂದು ನಕಲು ಮಾಡೋ ಕಿಣ್ವ ಟ್ಯಾಕ್ ಪಾಲಿಮರೇಸನ್ನ ಕೆಲಸ ಮಾಡೋಕೆ ಬಿಡಲ್ಲ, ನೀವು ಟೆಂಪ್ಲೇಟ್ ಏರಿಸಿದಷ್ಟೂ ಅದೂ ಏರ್ತು ಅಷ್ಟೆ. ಮೊದಲು ಒಂದು ಟೆಸ್ಟ್ ಮಾಡಿ, ಬ್ಯಾಂಡ್ ಬಂದಿರೋ ಮರಳಿನ ಡಿಎನ್‌ಎಗೆ ಈ ಕಪ್ಪು ಕೆಸರಿನದ್ದು 1 ಮೈಕ್ರೋಲೀಟರ್ ಸೇರಿಸಿ ಓಡ್ಸಿ, ಬ್ಯಾಂಡ್ ಮಾಯ ಆದ್ರೆ ಕೆಸರಲ್ಲಿರೋ ಏನೋ ಪಿಸಿಆರ್ ತಡೀತಿದೆ ಅಂತ ಗ್ಯಾರಂಟಿ. ಆಮೇಲೆ 10 ಪಟ್ಟು, 50 ಪಟ್ಟು ಡೈಲ್ಯೂಟ್ ಮಾಡಿ, ಬಿಎಸ್‌ಎ (ತಡೆಯೋ ವಸ್ತುಗಳನ್ನ ಹಿಡಿದಿಟ್ಕೊಳ್ಳೋ ಪ್ರೋಟೀನ್) ಹಾಕಿ. ಆಗ್ಲೂ ಬರ್ಲಿಲ್ಲ ಅಂದ್ರೆ ಕಾಲಮ್‌ನಲ್ಲಿ ಇನ್ನೊಂದ್ಸಲ ಕ್ಲೀನ್ ಮಾಡಿ. ಪಿಸಿಆರ್ ಸೈಕಲ್ (ನಕಲಿನ ಸುತ್ತು) ಮಾತ್ರ ಏರಿಸ್ಬೇಡಿ, ಐದಕ್ಕೂ ಒಂದೇ ಇರ್ಲಿ.

ಪ್ರಶ್ನೆ ಕೇಳಿದವರು: ಬಂತು ಸರ್!! ಮಿಕ್ಸ್ ಮಾಡಿದ್ದರಲ್ಲಿ ಬ್ಯಾಂಡ್ ಮಾಯ ಆಯ್ತು, 50 ಪಟ್ಟು ಡೈಲ್ಯೂಟ್ ಮಾಡಿ ಬಿಎಸ್‌ಎ ಹಾಕಿದ್ಮೇಲೆ ಮೂರಕ್ಕೂ ಬಂತು. ತುಂಬಾ ಥ್ಯಾಂಕ್ಸ್, ಎರಡು ವಾರದಿಂದ ಒದ್ದಾಡ್ತಿದ್ದೆ.

ಉತ್ತರ 2: ಒಳ್ಳೇದಾಯ್ತು. ಒಂದು ಮಾತು, ಸೀಕ್ವೆನ್ಸ್‌ನಲ್ಲಿ ಆಕ್ಸಿಜನ್ ಬದಲು ಸಲ್ಫೇಟ್ ಬಳಸಿ ಉಸಿರಾಡೋ, ಡೆಸಲ್ಫೋ ಅಂತ ಹೆಸರು ಶುರುವಾಗೋ ಬ್ಯಾಕ್ಟೀರಿಯಾ ಗುಂಪು ಜಾಸ್ತಿ ಕಂಡ ತಕ್ಷಣ ಚರಂಡಿ ಮೇಲೆ ಹಾಕ್ಬೇಡಿ, ಕಾಂಡ್ಲಾ (ಮ್ಯಾಂಗ್ರೋವ್) ಬುಡದ ಕೆಸರಲ್ಲೂ ಎಲೆ ಕೊಳೆತು ಆಕ್ಸಿಜನ್ ಮುಗಿದು ಅವೇ ಇರ್ತವೆ, ಕೊಳೆತ ಮೊಟ್ಟೆ ವಾಸನೆ ಅಲ್ಲೂ ಬರುತ್ತೆ. 2017ರಲ್ಲಿ ಬಂದ ಮೈಕ್ರೋಗಾಂಬಿ ಸೂಚ್ಯಂಕ ಬ್ಯಾಕ್ಟೀರಿಯಾನ ಮಾಲಿನ್ಯ ಸಹಿಸೋ ಗುಂಪು, ಸಹಿಸದ ಗುಂಪು ಅಂತ ಭಾಗ ಮಾಡಿ ಲೆಕ್ಕ ಹಾಕುತ್ತೆ, ಆದ್ರೆ ಅದನ್ನ ರೂಪಿಸಿದ್ದು ಸ್ಪೇನ್‌ನ ಬಾಸ್ಕ್ ಕರಾವಳಿಯಲ್ಲಿ, ನಮ್ಮ ಮಳೆಗಾಲ ಅದಕ್ಕೆ ಗೊತ್ತಿಲ್ಲ. ಮರಳಿನ ಜಾಗಾನ ಕಂಟ್ರೋಲ್ ಅಂತ ಇಟ್ರೆ ಹೋಲಿಕೆ ತಪ್ಪುತ್ತೆ. ಚರಂಡಿ ಇಲ್ಲದ, ಅಷ್ಟೇ ಉಪ್ಪು, ಅಷ್ಟೇ ನುಣ್ಣಗಿನ ಕೆಸರು ಇರೋ ಕಾಂಡ್ಲಾ ಜಾಗದಿಂದ ಇನ್ನೊಂದು ಸ್ಯಾಂಪಲ್ ತನ್ನಿ.

ಪ್ರಶ್ನೆ ಕೇಳಿದವರು: ಇದು ಹೊಳೆದೇ ಇರ್ಲಿಲ್ಲ ಮೇಡಂ. ಭಾನುವಾರ ಇಳಿತದ ಹೊತ್ತಿಗೆ ದೋಣಿ ಹೇಳಿದೀನಿ, ಐಸ್ ಬಾಕ್ಸ್ ತಗೊಂಡೇ ಹೋಗ್ತೀನಿ.