ಮಲಪ್ರಭೆಯ ದಂಡೆಯ ಊರುಗಳ ಸ್ಥಳಾಂತರ: ಮನೆ ಕಟ್ಟಿಕೊಟ್ಟರೆ ಸಾಕೇ?

ಹೊಳೆಸಾಲು (ಪ್ರಶ್ನೆ):
2009ರ ಸೆಪ್ಟೆಂಬರ್ ಕೊನೆಯಲ್ಲಿ, ಅದು ಬರದ ವರ್ಷವೆಂದೇ ಎಲ್ಲರೂ ಕೈಚೆಲ್ಲಿದ್ದಾಗ, ಉತ್ತರ ಕರ್ನಾಟಕದಲ್ಲಿ ಕೆಲವೇ ದಿನ ಸುರಿದ ಮಳೆಗೆ ಮಣ್ಣಿನ ಮಾಳಿಗೆ ಮನೆಗಳು ಸಾಲುಸಾಲಾಗಿ ಕುಸಿದವು. ಆ ಬಳಿಕ ‘ಆಸರೆ’ ಯೋಜನೆಯಡಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಲಾಯಿತು. ಆದರೂ 2019ರ ಆಗಸ್ಟ್‌ನಲ್ಲಿ ಗದಗ ಜಿಲ್ಲೆಯ ನರಗುಂದ, ರೋಣ ತಾಲ್ಲೂಕುಗಳಲ್ಲಿ ಮಲಪ್ರಭಾ ಹೊಳೆ ಉಕ್ಕಿದಾಗ ಹಳೆಯ ಊರುಗಳಲ್ಲಿ ಜನ ಇದ್ದೇ ಇದ್ದರು. ಹವಾಮಾನ ಬದಲಾದಂತೆ ಇಂಥ ಬಿರುಮಳೆ ಹೆಚ್ಚುತ್ತದೆ ಎಂದು ತಜ್ಞರು ಹೇಳುತ್ತಿದ್ದಾರೆ. ಪಂಚಾಯಿತಿಗೆ ಸಲ್ಲಿಸಲಿರುವ ಮನವಿಯಲ್ಲಿ ನಾವು ಮನೆಯ ಜೊತೆಗೆ ಏನನ್ನು ಕೇಳಬೇಕು?

ಎರೆಹೊಲ:
ಮೊದಲು ದನಗಳಿಗೆ ಜಾಗ ಕೇಳಿ. ನಮ್ಮ ಕಡೆಯ ಹಳೆಯ ಮನೆಯಲ್ಲಿ ತಲೆಬಾಗಿಲು ದಾಟಿದೊಡನೆ ಎತ್ತು, ಎಮ್ಮೆ ಕಟ್ಟುವ ತಗ್ಗಿನ ಅಂಕಣ, ಅದರಾಚೆ ಕಟ್ಟೆಯೇರಿದರೆ ಮನುಷ್ಯರ ವಾಸ, ಹಿತ್ತಲಲ್ಲಿ ಬಣವೆ. ನವಗ್ರಾಮದ ಮನೆಯಲ್ಲಿ ಎತ್ತು ಕಟ್ಟಲು ಗೂಟ ಹೊಡೆಯುವಷ್ಟೂ ಅಂಗಳವಿಲ್ಲ. ನಮ್ಮ ಬಂಧುಗಳ ಮನೆಯೊಂದರಲ್ಲಿ ಮುದುಕರೂ ಶಾಲೆಯ ಮಕ್ಕಳೂ ಹೊಸ ಊರಿನಲ್ಲಿದ್ದರೆ, ದುಡಿಯುವವರು ದನಗಳ ಜೊತೆ ಹಳೆಯ ಊರಿನಲ್ಲೇ ಮಲಗುತ್ತಾರೆ, ಏಕೆಂದರೆ ಹೊಲವೂ ಅತ್ತಲೇ ಇದೆ. ಇದನ್ನು ಜನರ ಹಟವೆಂದು ಕರೆಯುವ ಅಧಿಕಾರಿಗಳು ಒಂದು ವಾರ ಎರಡು ಎತ್ತುಗಳೊಂದಿಗೆ ಆ ಮನೆಯಲ್ಲಿದ್ದು ನೋಡಲಿ. ಕೂಡುಕುಟುಂಬದ ಮೂವರು ಅಣ್ಣತಮ್ಮಂದಿರಿಗೆ ಒಂದೇ ಮನೆ ಎಂಬ ಲೆಕ್ಕವನ್ನೂ ಮನವಿಯಲ್ಲಿ ಪ್ರಶ್ನಿಸಿ.

ಗರಸುಮಣ್ಣು:
ಕಟ್ಟಡದ ಕೆಲಸ ಬಲ್ಲವನಾಗಿ ಒಂದು ಮಾತು. ನಮ್ಮ ಕಡೆಯ ಎರೆಮಣ್ಣು (ಕಪ್ಪುಮಣ್ಣು) ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಸಾಧಾರಣ ಅಡಿಪಾಯ ಹಾಕಿದರೆ ಗೋಡೆ ಸೀಳುವುದು ಖಚಿತ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಇಲ್ಲವೇ ಎರೆ ತೆಗೆದು ಗರಸು (ಕಲ್ಲುಮಿಶ್ರಿತ ಗಟ್ಟಿಮಣ್ಣು) ತುಂಬಿ, ದಮ್ಮಸು ಹೊಡೆದು ಬಿಗಿಗೊಳಿಸಬೇಕು. ನಿವೇಶನ ಆಯ್ಕೆಗೆ ಮುನ್ನ ಮಣ್ಣಿನ ಪರೀಕ್ಷೆಯಾಗಬೇಕೆಂದು ಬರೆಯಿರಿ.

ಬೆಣ್ಣಿಹಳ್ಳ:
ಮೇಲಿನ ಎರಡೂ ಸಲಹೆಗಳನ್ನು ಒಪ್ಪುತ್ತೇನೆ, ಆದರೆ ಎಲ್ಲ ಊರನ್ನೂ ಎತ್ತಿಡುವುದೇ ಪರಿಹಾರವೆಂಬುದನ್ನು ಒಪ್ಪಲಾರೆ. ಬಳ್ಳಾರಿ ಜಾಲಿ ಬೆಳೆದು, ಒತ್ತುವರಿಯೂ ಸೇರಿ ಮಲಪ್ರಭೆಯ ಪಾತ್ರ ಎಷ್ಟೋ ಕಡೆ ಕಿರಿದಾಗಿದೆ. ಹೊಳೆಯ ಮೇಲ್ಭಾಗದ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅದು ಹೊಲಕ್ಕೂ ಊರಿಗೂ ನುಗ್ಗುವುದಕ್ಕೆ ಇದೂ ಕಾರಣ. ಒತ್ತುವರಿ ಮಾಡಿದವರಲ್ಲಿ ನಮ್ಮವರೂ ಇರುವುದರಿಂದ ಈ ಮಾತನ್ನು ಯಾರೂ ಗ್ರಾಮಸಭೆಯಲ್ಲಿ ಎತ್ತುವುದಿಲ್ಲ. ಇನ್ನು ಎಚ್ಚರಿಕೆಯ ವಿಚಾರ: ಅಣೆಕಟ್ಟೆಯಿಂದ ನೀರು ಬಿಡುವ ಮುನ್ನ ಡಂಗುರವಾದರೂ ಸಾರುತ್ತಾರೆ, ಧಾರವಾಡ ಜಿಲ್ಲೆಯ ಕಡೆ ಮಳೆ ಸುರಿದು ಮಲಪ್ರಭೆಯನ್ನು ಸೇರುವ ಬೆಣ್ಣಿಹಳ್ಳ ಉಕ್ಕಿದರೆ ರೋಣದ ಊರುಗಳಿಗೆ ರಾತ್ರೋರಾತ್ರಿ ಹೇಳುವವರಿಲ್ಲ. ಹಳ್ಳದ ಮೇಲ್ಭಾಗದ ಸೇತುವೆಗಳಲ್ಲಿ ನೀರಿನ ಮಟ್ಟ ನೋಡಿ ಕೆಳಗಿನ ಪಂಚಾಯಿತಿಗಳಿಗೆ ಫೋನ್ ಮಾಡುವ ವ್ಯವಸ್ಥೆಗೆ ಹೆಚ್ಚು ಹಣ ಬೇಕಿಲ್ಲ. ಸ್ಥಳಾಂತರ ಬಯಸುವವರಿಗೆ ಹೊಸ ಮನೆಯ ಹಕ್ಕುಪತ್ರ ಕೈಸೇರುವವರೆಗೆ ಹಳೆಯ ಜಾಗದ ಹಕ್ಕನ್ನು ಕಸಿಯಬಾರದೆಂಬ ಷರತ್ತನ್ನೂ ಮನವಿಯಲ್ಲಿ ಸೇರಿಸಿ.