ಸಹಾಯ ಬೇಕು: ಉಂಗುರ ಸಮತಟ್ಟಾಗಿದೆಯಾ ಅಂತ ರಚನೆ ನೋಡಿ ಹೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಾವಯವ ರಸಾಯನಶಾಸ್ತ್ರದಲ್ಲಿ ಆರೊಮ್ಯಾಟಿಕ್ (ಎಲೆಕ್ಟ್ರಾನ್ ಸುತ್ತಲೂ ಹರಡಿ ಹೆಚ್ಚು ಸ್ಥಿರವಾದದ್ದು), ಆಂಟಿಆರೊಮ್ಯಾಟಿಕ್ (ಹಾಗೆ ಹರಡಿದರೆ ಅಸ್ಥಿರವಾಗುವುದು), ನಾನ್‌ಆರೊಮ್ಯಾಟಿಕ್ (ಎರಡೂ ಅಲ್ಲದ್ದು) ಎಂದು ಪರಮಾಣುಗಳ ಉಂಗುರಗಳನ್ನು ವಿಂಗಡಿಸುವಾಗ ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಹ್ಯೂಕೆಲ್ ನಿಯಮದ ಎಣಿಕೆ ಕಷ್ಟವಿಲ್ಲ. ಪೈ ಎಲೆಕ್ಟ್ರಾನ್‌ಗಳು 2, 6, 10, 14 ಹೀಗೆ ಬಂದರೆ ಸಮತಟ್ಟಾದ ಉಂಗುರ ಆರೊಮ್ಯಾಟಿಕ್ (ಪೈ ಎಂದರೆ ಉಂಗುರದ ಸುತ್ತ ಹರಡಬಲ್ಲವು, ಜೋಡಿ ಬಂಧಕ್ಕೆ ಎರಡರಂತೆ). ಪಿರಿಡೀನ್‌ನಲ್ಲಿ ನೈಟ್ರೋಜನ್‌ನ ಲೋನ್ ಪೇರ್ (ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿ) ಲೆಕ್ಕಕ್ಕಿಲ್ಲ, ಪಿರೋಲ್‌ನಲ್ಲಿ ಅದು ಸೇರಿಯೇ 6 ಆಗುತ್ತದೆ. ಇಲ್ಲಿವರೆಗೆ ಸರಿ.

ತೊಂದರೆ ಇರುವುದು ಆಕಾರದಲ್ಲಿ. ಸೈಕ್ಲೋಆಕ್ಟಾಟೆಟ್ರಾಈನ್‌ನಲ್ಲಿ 8 ಪೈ ಎಲೆಕ್ಟ್ರಾನ್‌ಗಳಿವೆ. ಸಮತಟ್ಟಾಗಿದ್ದರೆ ಆಂಟಿಆರೊಮ್ಯಾಟಿಕ್ ಆಗಬೇಕಿತ್ತು. ಆದರೆ ಅದು ತೊಟ್ಟಿಯ ಹಾಗೆ ಬಾಗಿ ನಾನ್‌ಆರೊಮ್ಯಾಟಿಕ್ ಆಗುತ್ತದೆ. ಅದೇ ಅಣುವಿಗೆ ಇನ್ನೂ 2 ಎಲೆಕ್ಟ್ರಾನ್ ಕೊಟ್ಟರೆ ಸಮತಟ್ಟಾಗಿ, 10 ಎಲೆಕ್ಟ್ರಾನ್‌ಗಳ ಆರೊಮ್ಯಾಟಿಕ್ ಅಯಾನ್! ಎಷ್ಟು ಚಂದ ಅಲ್ವಾ? ಆದರೆ ಸೈಕ್ಲೋಬ್ಯುಟಾಡಯೀನ್ 4 ಎಲೆಕ್ಟ್ರಾನ್ ಇಟ್ಟುಕೊಂಡೂ ಹೀಗೆ ಬಾಗುವುದಿಲ್ಲ, ಆಯತದ ಆಕಾರದಲ್ಲಿ ಸಮತಟ್ಟಾಗಿಯೇ ಇರುತ್ತದೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಹತ್ತು ಕಾರ್ಬನ್‌ಗಳ ಆನ್ಯುಲೀನ್ (ಒಂಟಿ, ಜೋಡಿ ಬಂಧಗಳು ಒಂದಾದ ಮೇಲೊಂದು ಬರುವ ಉಂಗುರ). ಎಣಿಕೆ 10, ನಿಯಮಕ್ಕೆ ಸರಿ. ಆದರೂ ಜೋಡಿ ಬಂಧಗಳೆಲ್ಲವೂ ಸಿಸ್ (ಉಂಗುರದ ಎರಡು ತುದಿಗಳು ಬಂಧದ ಒಂದೇ ಬದಿಗೆ) ಆದರೆ ಸಮತಟ್ಟಾಗಲು ಕೋನ 144 ಡಿಗ್ರಿ ಬೇಕು, ಸಹಜವಾದ 120ಕ್ಕಿಂತ ಬಹಳ ಹೆಚ್ಚು. ಎರಡು ಟ್ರಾನ್ಸ್ (ಎದುರು ಬದಿಗಳ) ಬಂಧ ಇಟ್ಟರೆ ಒಳಗಿನ ಎರಡು ಹೈಡ್ರೋಜನ್‌ಗಳು ಒಂದನ್ನೊಂದು ತಳ್ಳಿ ಉಂಗುರ ತಿರುಚಿಕೊಳ್ಳುತ್ತದೆ. ಅವೆರಡನ್ನು ತೆಗೆದು ಅಲ್ಲಿ ಒಂದು ಮೀಥಿಲೀನ್ (CH₂) ಸೇತುವೆ ಹಾಕಿದರೆ ಆರೊಮ್ಯಾಟಿಕ್.

ಉತ್ತರ ಗೊತ್ತಿದ್ದಾಗ ಕಾರಣ ಹೇಳಬಹುದು. ಆದರೆ ಪರೀಕ್ಷೆಯಲ್ಲಿ ಬರೀ ರಚನೆ ಕೊಟ್ಟಿರುತ್ತಾರೆ, ಎನ್‌ಎಂಆರ್ (ಪ್ರಯೋಗದಿಂದ ಅಣುವಿನ ರಚನೆ ತಿಳಿಸುವ ರೋಹಿತ) ಮಾಹಿತಿ ಇರುವುದಿಲ್ಲ. ಹೊಸ ಉಂಗುರ ಕಂಡಾಗ ನೀವು ಮೊದಲು ಏನು ನೋಡುತ್ತೀರಿ? ಗಾತ್ರವೋ, ಕೋನದ ಒತ್ತಡವೋ, ಒಳಗಿನ ಹೈಡ್ರೋಜನ್‌ಗಳೋ? ಪಾಠ ಮಾಡುವವರು ಯಾರಾದರೂ ಒಂದು ಉದಾಹರಣೆ ಹಿಡಿದು ಬಿಡಿಸಿ ಹೇಳಿದರೆ ತುಂಬಾ ಉಪಕಾರವಾಗುತ್ತದೆ.